ವಿಮಾನಕ್ಕೆ ಕಟ್ಟಿದ ಬುತ್ತಿ

ನಾನು ವಿಮಾನಕ್ಕೆ ಬುತ್ತಿ ಕಟ್ಟುತ್ತೇನೆ ಎಂದರೆ ರೋಣದ ನನ್ನ ತವರಿನವರು ಇವತ್ತಿಗೂ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ನಗಲಿ ಬಿಡಿ. ನಾನೇನು ವಿಮಾನ ಹಾರಿಸುತ್ತೇನೆ ಎಂದು ಹೇಳಿಕೊಂಡಿಲ್ಲ. ನರಗುಂದದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ ಇದೆ. ಮಾರ್ಕೆಟ್ಟಿಗೆ ಕಡಲೆ, ಹೆಸರು, ಗೋವಿನಜೋಳ ತಂದ ರೈತರು, ಚೀಲ ಹೊರುವ ಹಮಾಲರು, ಬ್ಯಾಂಕಿನ ಸಾಹೇಬರು ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತು ಉಣ್ಣುವ ಜಾಗ. ಅಡುಗೆ ನನ್ನ ಅತ್ತೆಯವರದು. ಅವರು ಯಾವಗಲ್‌ನವರು, ಮಾತು ಕಡಿಮೆ, ಕೈ ಚುರುಕು. ಬೆಳಗಿನ ಸಂತೆ, ಗಿರಾಕಿಗಳ ಜೊತೆ ಜಗಳ, ಬೈಗುಳ ಇವೆಲ್ಲ ನನ್ನ ಪಾಲಿಗೆ ಬಂದಿವೆ.

ಕೆಲವು ವರ್ಷಗಳ ಹಿಂದೆ ಚುನಾವಣೆಯ ಹೊತ್ತಿನಲ್ಲಿ ಹುಬ್ಬಳ್ಳಿಗೆ ಸಣ್ಣ ಸಣ್ಣ ಖಾಸಗಿ ವಿಮಾನಗಳು ಬಂದು ಹೋಗುತ್ತಿದ್ದವು. ಅಂಥ ವಿಮಾನಗಳಿಗೆ ಕಾರು, ಇಂಧನ, ಊಟ ಎಲ್ಲ ಹೊಂದಿಸಿ ಕೊಡುವ ಒಬ್ಬ ಏಜೆಂಟ್ ಯಾರದೋ ಬಾಯಿಂದ ನಮ್ಮ ಖಾನಾವಳಿಯ ಸುದ್ದಿ ಕೇಳಿ ಫೋನ್ ಮಾಡಿದ. ದೊಡ್ಡವರೊಬ್ಬರಿಗೆ ಹೋಟೆಲಿನ ಊಟ ಬೇಸರ ಬಂದಿದೆ, ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ ಬೇಕಂತೆ ಎಂದ. ಅದಕ್ಕೇನು, ಕಳಿಸೋಣ ಎಂದೆ.

ಮೊದಲ ಆರ್ಡರಿನಲ್ಲೇ ಮಾನ ಹೋಯಿತು. ನಮ್ಮ ಅತ್ತೆಯ ಕಡಕ್ ರೊಟ್ಟಿ ಮುಟ್ಟಿದರೆ ಪುಡಿಯಾಗುವಂಥದ್ದು, ನೆಲದ ಮೇಲೆ ಅದೇ ಅದರ ಹೆಚ್ಚುಗಾರಿಕೆ. ಆ ವಿಮಾನದ ಕೆನೆ ಬಣ್ಣದ ಚರ್ಮದ ಕುರ್ಚಿಗಳ ಸಂದಿಯಲ್ಲೆಲ್ಲ ರೊಟ್ಟಿಯ ಚೂರು, ಹಿಂಡಿಯ ಕೆಂಪು ಪುಡಿ. ಆಮೇಲೆ ಆ ವಿಮಾನ ತೊಳೆದವರು ಏಜೆಂಟನಿಗೆ ಬೈದರು, ಏಜೆಂಟ್ ನನಗೆ ಬೈದ, ನಾನು ತಿರುಗಿ ಅವನಿಗೇ ಬೈದೆ. ಊಟ ಮಾಡಿದ ದೊಡ್ಡವರು ಮಾತ್ರ ಮುಂದಿನ ವಾರ ಮತ್ತೆ ಅದನ್ನೇ ಕೇಳಿದರು.

ಆಮೇಲೆ ಒಂದೊಂದೇ ಕಲಿತೆ. ಆ ವಿಮಾನದ ಅಡುಗೆಮನೆ ಎಂದರೆ ನಮ್ಮ ದೇವರ ಗೂಡಿಗಿಂತ ಸಣ್ಣದು. ಬೆಂಕಿ ಇಲ್ಲ, ಬಿಸಿ ಮಾಡುವ ಒಂದು ಪೆಟ್ಟಿಗೆ ಇರುತ್ತದೆ, ಅದರಲ್ಲಿ ಹಿಡಿಸುವ ಅಳತೆಯ ಡಬ್ಬಿಯಲ್ಲೇ ತುಂಬಬೇಕು. ಬಿಸಿ ಅಡುಗೆಯನ್ನು ಬೇಗ ಆರಿಸಿ, ತಂಪು ಮಾಡಿ, ಬರ್ಫದ ಪೆಟ್ಟಿಗೆಯಲ್ಲಿಟ್ಟು ಸಾಗಿಸಬೇಕು. ಮೇಲೆ ಹೋದರೆ ಮನುಷ್ಯನ ನಾಲಿಗೆ ಮಂದವಾಗುತ್ತದಂತೆ, ಅದಕ್ಕೆ ಉಪ್ಪು, ಹುಳಿ, ಖಾರ ಒಂದು ಕೈ ಮುಂದಿರಲಿ ಎಂದು ಏಜೆಂಟನೇ ಹೇಳಿಕೊಟ್ಟ. ಇದನ್ನು ಕೇಳಿ ಅತ್ತೆಗೆ ಒಳಗೊಳಗೇ ಖುಷಿಯಾಗಿತ್ತು. ಕಡಕ್ ರೊಟ್ಟಿ ಬಿಟ್ಟು ಮೆತ್ತನೆಯ ರೊಟ್ಟಿ ಮಡಿಚಿ ಕಳಿಸಿದೆವು. ಎಷ್ಟು ಎತ್ತರಕ್ಕೆ ಹಾರಿದರೂ ಮಂದಿ ಕೇಳುವುದು ಬದನೆಕಾಯಿಯನ್ನೇ ಎಂದು ನಾನು ಓಣಿಯಲ್ಲಿ ಹೇಳಿಕೊಂಡು ತಿರುಗಿದೆ.

ಇಷ್ಟನ್ನೂ ಹೇಳಿದ್ದು ಆ ಒಂದು ಆರ್ಡರಿನ ಸಲುವಾಗಿ.

ನಮ್ಮ ಮಾರ್ಕೆಟ್ಟಿನಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯರಿದ್ದರು. ಮೂಲ ಗಜೇಂದ್ರಗಡದವರು, ಚಿಕ್ಕಂದಿನಲ್ಲೇ ನರಗುಂದಕ್ಕೆ ಬಂದು ನೆಲೆಯಾದವರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಗಂಡನ ಜೊತೆ ಅದೇ ಮನೆಯಲ್ಲಿದ್ದು ಅಂಗಡಿಯ ವ್ಯವಹಾರವನ್ನೆಲ್ಲ ಅವಳೇ ನೋಡುತ್ತಿದ್ದಳು. ಕಾಳಿನ ಹರಾಜಿಗೆ ನಿಂತರೆ ಗಂಡಸರು ಅವಳ ಮುಖ ನೋಡಿ ಧಾರಣೆ ಕೂಗುತ್ತಿದ್ದರು. ಅವಳ ತಂದೆ, ಅಂಗಡಿಯ ಯಜಮಾನರು, ಮಾತ್ರ ಮಧ್ಯಾಹ್ನ ಮನೆಗೆ ಹೋಗದೆ ನಮ್ಮಲ್ಲೇ ಉಣ್ಣುತ್ತಿದ್ದರು. ಮನೆಯ ಅಡುಗೆಯವಳಿಗೆ ಕೈಬಿಟ್ಟು ಎಣ್ಣೆ ಹಾಕಲು ಮಗಳು ಬಿಡುವುದಿಲ್ಲ ಎಂದು ಅವರ ದೂರು. ಅತ್ತೆಯ ಬೇಳೆಗೆ ಅವರು ಸೋತವರು. ಬೆಳ್ಳುಳ್ಳಿ ಜಜ್ಜಿ ಹಾಕಿದ ಒಗ್ಗರಣೆ ಚುಂಯ್ ಎಂದರೆ ಬಾಗಿಲಲ್ಲೇ ನಿಂತು, ನನ್ನದ ಬಂತು ನೋಡ್ರಿ ಎನ್ನುತ್ತಿದ್ದರು.

ಅವರ ಹೃದಯ ಕೆಟ್ಟಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ನೋಡಿದವರು, ಆಪರೇಷನ್ ಆಗಬೇಕು, ಈ ವಯಸ್ಸಿಗೆ ಅದನ್ನು ಮಾಡುವವರು ಮುಂಬೈಯಲ್ಲಿದ್ದಾರೆ, ಮಾಡಿದರೂ ಉಳಿಯುತ್ತಾರೆಂದು ಹೇಳಲಾಗದು, ಮಾಡದಿದ್ದರೆ ಹೆಚ್ಚು ದಿನವಿಲ್ಲ ಎಂದರು. ರಸ್ತೆಯ ಪ್ರಯಾಣ ತಡೆಯುವ ಸ್ಥಿತಿಯಿರಲಿಲ್ಲ. ಮಗಳು ವಿಮಾನವನ್ನೇ ಗೊತ್ತು ಮಾಡಿದಳು. ಯಜಮಾನರು ಒಪ್ಪಲಿಲ್ಲ. ನನ್ನ ಪಡಸಾಲೆಯಲ್ಲಿ, ನನ್ನ ಜನರ ನಡುವೆ ಹೋಗುತ್ತೇನೆ, ಗುರುತಿಲ್ಲದ ಊರಿನಲ್ಲಿ ಗುರುತಿಲ್ಲದವರ ಕೈಯಲ್ಲಿ ಸಾಯಲಾರೆ ಎಂದು ಹಟ ಹಿಡಿದರು. ಊರ ಹಿರಿಯರು ಹೇಳಿದರು, ಅಳಿಯ ಹೇಳಿದ, ಕೇಳಲಿಲ್ಲ. ಕೊನೆಗೆ ಮಗಳು ಅವರ ಕೈ ಹಿಡಿದು, ಡಾಕ್ಟರರು ಏನೂ ಅಂಜಿಕೆಯಿಲ್ಲ ಅಂದಿದ್ದಾರೆ, ದೀಪಾವಳಿಯೊಳಗೆ ನಿನ್ನನ್ನು ಅಂಗಡಿಯ ಗಾದಿಯ ಮೇಲೆ ಕೂರಿಸದಿದ್ದರೆ ನಾನು ನಿನ್ನ ಮಗಳೇ ಅಲ್ಲ ಎಂದಳಂತೆ. ಅದು ಸುಳ್ಳು ಎಂದು ಓಣಿಗೆಲ್ಲ ಗೊತ್ತಿತ್ತು. ಅವರೊಬ್ಬರು ನಂಬಿದರು, ಅಥವಾ ನಂಬಿದಂತೆ ಹೂಂ ಎಂದರು. ಊಟ ಮಾತ್ರ ನಮ್ಮ ಖಾನಾವಳಿಯದೇ ಇರಲಿ ಎಂದು ಹೇಳಿದರಂತೆ.

ಆರ್ಡರು ಬಂದದ್ದು ಏಜೆಂಟನ ಮೂಲಕ. ಮುಂಬೈಯ ಡಾಕ್ಟರು ಹೇಳಿದ ಪಥ್ಯ: ಮೆತ್ತನೆಯ ಬಿಳಿ ಅನ್ನ, ಬರೀ ಬೇಯಿಸಿದ ತೊಗರಿಬೇಳೆ, ಬೇಯಿಸಿದ ಸೋರೆಕಾಯಿ. ಉಪ್ಪು ಚಿಟಿಕೆಯಷ್ಟು. ಎಣ್ಣೆ ಇಲ್ಲ, ಖಾರ ಇಲ್ಲ, ಒಗ್ಗರಣೆ ಇಲ್ಲ.

ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಇದರಲ್ಲಿ ಏನೂ ಕಾಣುವುದಿಲ್ಲ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು, ಓಣಿಯವರು ಬುತ್ತಿ ಕಟ್ಟಿಕೊಂಡು ಹೋಗಿ ಆ ಮನೆಯವರನ್ನು ಕೂರಿಸಿ ಉಣಿಸುತ್ತಾರೆ. ಆ ಬುತ್ತಿಯ ಬೇಳೆಗೆ ಒಗ್ಗರಣೆ ಹಾಕುವುದಿಲ್ಲ. ಸಾಸಿವೆ ಸಿಡಿಯುವ ಸದ್ದು, ಬೆಳ್ಳುಳ್ಳಿಯ ವಾಸನೆ ಬದುಕಿದವರ ಮನೆಯ ಗುರುತು. ಬಿಳಿ ಅನ್ನ, ಸಪ್ಪೆ ಬೇಳೆ, ಬೆಂದ ಕಾಯಿಪಲ್ಲೆ ಇಷ್ಟನ್ನೇ ಒಯ್ಯುವುದು. ಮುಂಬೈಯ ಡಾಕ್ಟರು ಹೆಣದ ಮನೆಯ ಊಟವನ್ನು ಚಾಚೂ ತಪ್ಪದೆ ಹೇಳಿ ಕಳಿಸಿದ್ದ, ಅವನಿಗೆ ಗೊತ್ತೇ ಇರಲಿಲ್ಲ.

ಅತ್ತೆ ಬೇಳೆ ಬೇಯಿಸಿ ಇಳಿಸಿದರು. ಸೌಟು ಕೈಯಲ್ಲೇ ಇತ್ತು. ಒಲೆಯ ಮೇಲೆ ಒಗ್ಗರಣೆಯ ಬಟ್ಟಲು ಇಡಲು ಹೋದವರು ತಡೆದು ನನ್ನ ಕಡೆ ನೋಡಿದರು.

“ಬದುಕಿದ್ದ ಮನಷ್ಯಾಗ ಇದನ್ನ ಕಟ್ಟಬಾರದು,” ಎಂದರು.

ಏಜೆಂಟನಿಗೆ ಫೋನ್ ಮಾಡಿ ಅರ್ಧ ಚಮಚ ಎಣ್ಣೆಗಾದರೂ ಡಾಕ್ಟರನ್ನು ಕೇಳು ಎಂದೆ. ಅವನು ಹುಬ್ಬಳ್ಳಿಯವನೇ, ಆದರೆ ವಿಮಾನದವರ ಜೊತೆ ಇದ್ದೂ ಇದ್ದೂ ಅರ್ಧ ವಿಮಾನದವನೇ ಆಗಿಬಿಟ್ಟಿದ್ದ. ಪೇಷಂಟಿನ ಊಟದಲ್ಲಿ ಡಾಕ್ಟರ ಮಾತೇ ಕೊನೆ, ಹೆಚ್ಚುಕಡಿಮೆಯಾದರೆ ಅರ್ಧ ದಾರಿಯಲ್ಲಿ ಯಾರು ಜವಾಬು ಕೊಡುತ್ತಾರೆ ಎಂದು ನನ್ನನ್ನೇ ಕೇಳಿದ. ಅದೂ ಖರೇ. ಮಗಳಿಗೆ ಹೇಳೋಣವೆಂದರೆ ಅವಳು ಆಗಲೇ ಅಂಬುಲೆನ್ಸಿನಲ್ಲಿ ತಂದೆಯ ಪಕ್ಕ ಕೂತಿದ್ದಳು. ಇಂಥ ಮಾತನ್ನು ಅವರ ಕಿವಿಗೆ ಬೀಳುವಂತೆ ಹೇಗೆ ಹೇಳುವುದು? ಮೋಡದ ಮೇಲೆ ಕೂತು ಹಸಿದಾಗ ಎರಡು ತುತ್ತು ಉಂಡಾರು, ಡಬ್ಬಿಯ ಬಣ್ಣ ಯಾರು ನೋಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತೆ ಡಬ್ಬಿ ಮುಟ್ಟಲಿಲ್ಲ. ನಾನೇ ತುಂಬಿದೆ.

ಊಟ ತಲುಪಿಸಲು ಪ್ರತಿ ಸಲ ನಾನೇ ಹೋಗುವುದು ರೂಢಿ. ನವಲಗುಂದ ದಾಟುವಾಗ ಎರಡೂ ಕಡೆ ಎರೆ ಹೊಲಗಳು ಮಳೆಗೆ ನೆನೆದು ಕಪ್ಪಗೆ ಬಿದ್ದಿದ್ದವು. ಹುಬ್ಬಳ್ಳಿಯ ನಿಲ್ದಾಣ ಸೇರಿದರೆ, ಮುಂಬೈಯಲ್ಲಿ ಜೋರು ಮಳೆ, ಅಲ್ಲಿ ಇಳಿಯಲು ಅಪ್ಪಣೆ ಸಿಕ್ಕಿಲ್ಲ, ಕಾಯಬೇಕು ಎಂದರು. ವಿಮಾನ ದೂರದಲ್ಲಿ ನಿಂತಿತ್ತು. ಖಾಸಗಿ ವಿಮಾನದವರಿಗೆಂದು ಇದ್ದ ಸಣ್ಣ ಕೋಣೆಯಲ್ಲಿ ಯಜಮಾನರು ಗಾಲಿಕುರ್ಚಿಯಲ್ಲಿ ಕೂತಿದ್ದರು. ಬಿಳಿ ಅಂಗಿ, ಟೊಪ್ಪಿಗೆ, ಮೂಗಿಗೆ ಆಕ್ಸಿಜನ್ ನಳಿಗೆ. ನನ್ನನ್ನು ನೋಡಿ ಮುಖ ಅರಳಿಸಿದರು. ಮೊಣಕಾಲ ಮೇಲೆ ಕೈಯಿಟ್ಟು, ನಿಮ್ಮ ಅತ್ತಿ ಏನೇನು ಕಟ್ಟಿ ಕಳಿಸ್ಯಾಳು ಎಂದು ಕೇಳಿದರು. ನಾನು ಬರ್ಫದ ಪೆಟ್ಟಿಗೆಯನ್ನು ಮೂಲೆಯ ಮೇಜಿನ ಮೇಲಿಟ್ಟೆ.

ಕಾಯುವುದು ಉದ್ದವಾಯಿತು. ಗುಳಿಗೆಗೆ ಮೊದಲು ಏನಾದರೂ ತಿನ್ನಿಸಬೇಕು ಎಂದಳು ಜೊತೆಗಿದ್ದ ನರ್ಸು. ಅವಳು ಮುಂಬೈಯಿಂದ ಬಂದವಳು, ಅವಳಿಗೇನು ಗೊತ್ತು. ಬರ್ಫದ ಪೆಟ್ಟಿಗೆಯಿಂದ ಡಬ್ಬಿ ತೆಗೆದು ಬಿಸಿ ಮಾಡಿಸಿ ತಂದು, ಅವರ ತೊಡೆಯ ಮೇಲೆ ಟವೆಲ್ ಹಾಸಿ ಮುಚ್ಚಳ ತೆಗೆದುಬಿಟ್ಟಳು.

ಯಜಮಾನರು ನೋಡಿದರು. ಮುಖ ಹತ್ತಿರ ತಂದು ಮೂಸಿದರು. ಮಗಳು ಕಿಟಕಿಯ ಹತ್ತಿರ ಫೋನಿನಲ್ಲಿದ್ದವಳು ತಿರುಗಿ ನೋಡಿ, ಡಬ್ಬಿ ಕಂಡ ಕೂಡಲೇ ಬೆಳ್ಳಗಾದಳು. ಅವಳಿಗೂ ಆಗಲೇ ಹೊಳೆದದ್ದು.

“ಒಗ್ಗರಣಿ ಹಾಕಿಲ್ಲ,” ಎಂದರು ಅವರು, ನನ್ನ ಕಡೆ ನೋಡಿ.

“ಡಾಕ್ಟರ್ ಬ್ಯಾಡ ಅಂದಾರ್ರಿ.”

ಅವರು ಮುಚ್ಚಳವನ್ನು ಮೆಲ್ಲಗೆ ಮುಚ್ಚಿ ನಾಲ್ಕೂ ಅಂಚು ಒತ್ತಿದರು. ಸಿಟ್ಟಾಗಲಿಲ್ಲ. ಮಗಳಿಗೆ ಹೇಳಿದರು: “ನನ್ನ ಬುತ್ತಿ ನನ್ನ ಮುಂದ ತಂದಿಟ್ರು. ಇನ್ನ ಎಲ್ಲಿಗೆ ಹೋಗ್ಲಿ? ನಡಿ ಮನಿಗೆ.”

ಮಾರ್ಕೆಟ್ಟಿನಲ್ಲಿ ಯಾರಿಗೂ ಬಗ್ಗದ ಆ ಹೆಂಗಸು ಹೊಳೆಯುವ ಆ ನೆಲದ ಮೇಲೆ ಮಂಡಿಯೂರಿ ತಂದೆಯ ಕಾಲು ಹಿಡಿದಳು. ಅದು ಪಥ್ಯ ಅಪ್ಪಾ, ಬರೀ ಪಥ್ಯ ಎಂದು ಮತ್ತೆ ಮತ್ತೆ ಹೇಳಿದಳು. ಅವರು ಗಾಲಿಯ ಮೇಲೆ ಕೈಯಿಟ್ಟುಕೊಂಡು ಕೂತರು. ನರ್ಸಿಗೆ ಏನಾಗುತ್ತಿದೆ ಎಂದೇ ತಿಳಿಯದು, ಊಟ ಬಿಸಿ ಸಾಲಲಿಲ್ಲವೇ ಎಂದು ನನ್ನನ್ನು ಕೇಳಿದಳು. ಅಷ್ಟರಲ್ಲಿ ಏಜೆಂಟ್ ಓಡಿ ಬಂದು, ಮುಂಬೈ ಅಪ್ಪಣೆ ಕೊಟ್ಟಿದೆ, ಲಗೂ ಹೊರಡಬೇಕು, ತಪ್ಪಿದರೆ ಇವತ್ತು ಆಗುವುದಿಲ್ಲ ಎಂದ. ಯಜಮಾನರು ಅವನ ಕಡೆ ತಿರುಗಿಯೂ ನೋಡಲಿಲ್ಲ. ಎತ್ತಿಕೊಂಡು ಹೋಗಿ ಕೂರಿಸಲು ಅವರೇನು ಕಾಳಿನ ಚೀಲವೇ?

ಮಗಳು ನನ್ನನ್ನು ಬಾಗಿಲಿನ ಆಚೆ ಎಳೆದುಕೊಂಡು ಹೋದಳು. “ಏನರ ಮಾಡ್ರಿ ಅಕ್ಕಾರ,” ಎಂದಳು. “ಇವತ್ತ ಒಯ್ಯಲಿಲ್ಲ ಅಂದ್ರ ನಾ ಕೊಂದಂಗ ಆಗ್ತೇತಿ.”

ನಾನು ಯೋಚನೆ ಮಾಡುವ ಹೆಂಗಸಲ್ಲ, ಕೈ ಮೊದಲು ಓಡುತ್ತದೆ. ಡಬ್ಬಿ ತೆಗೆದುಕೊಂಡು ಹೊರಗೆ ಟ್ಯಾಕ್ಸಿಯವರು ಚಹಾ ಕುಡಿಯುವ ಕ್ಯಾಂಟೀನಿಗೆ ಓಡಿದೆ. ಅವರು ಬೆಳಿಗ್ಗೆ ಉಪ್ಪಿಟ್ಟು ಮಾಡಿದ್ದರಿಂದ ಸಾಸಿವೆ, ಜೀರಿಗೆ, ಕರಿಬೇವು ಎಲ್ಲ ಇತ್ತು. ಒಲೆಯ ಮೇಲಿದ್ದ ಚಹಾದ ಪಾತ್ರೆಯನ್ನು ಅವರನ್ನು ಕೇಳದೆಯೇ ಇಳಿಸಿದೆ. ಕ್ಯಾಂಟೀನಿನವ ಬಾಯಿ ತೆಗೆದ, ನನ್ನ ಮುಖ ನೋಡಿ ಮುಚ್ಚಿಕೊಂಡ. ಬೆಳ್ಳುಳ್ಳಿ ಕೈಯಲ್ಲೇ ಜಜ್ಜಿದೆ. ಅವಸರಕ್ಕೆ ಎಣ್ಣೆ ಹೆಚ್ಚು ಕಾದು ಸಾಸಿವೆ ಕರಕಲಾಯಿತು. ಬೇಳೆಗೆ ಸುರಿದಾಗ ಎದ್ದ ಆ ಸದ್ದಿಗೆ ನಾನು ಜೀವಮಾನದಲ್ಲಿ ಅಷ್ಟು ಖುಷಿಪಟ್ಟಿರಲಿಲ್ಲ.

ಡಬ್ಬಿಯನ್ನು ಮತ್ತೆ ಯಂತ್ರದೊಳಗೆ ತೂರಿಸಿ ತಪಾಸಣೆ ಮಾಡಿ ಒಳಗೆ ಬಿಟ್ಟರು. ನರ್ಸು ಡಾಕ್ಟರರ ಹೆಸರು ಎತ್ತಿ ಅಡ್ಡ ಬಂದಳು, ಮಗಳು ಅವಳನ್ನು ಪಕ್ಕಕ್ಕೆ ಸರಿಸಿದಳು. ನಾನು ಯಜಮಾನರ ಮುಂದೆ ಮುಚ್ಚಳ ತೆಗೆದು, ಒಗ್ಗರಣೆ ಹಾಕುವುದು ಇಲ್ಲಿ ಬಂದ ಮೇಲೆ ಎಂದೇ ಇಟ್ಟಿದ್ದೆವು, ಈ ಹುಡುಗಿ ಅವಸರ ಮಾಡಿ ಮೊದಲೇ ತೆಗೆದಳು ಎಂದು ಹಸಿ ಸುಳ್ಳು ಹೇಳಿದೆ. ಅವರು ನನ್ನನ್ನು ನೋಡಿದರು, ಆಮೇಲೆ ಮಗಳನ್ನು ನೋಡಿದರು. ಮಗಳನ್ನು ಬಹಳ ಹೊತ್ತು ನೋಡಿದರು. ಅನ್ನಕ್ಕೆ ಬೇಳೆ ಕಲಸಿ ಉಂಡರು. ಸಾಸಿವಿ ಹೊತ್ತಿಸಿದೀಯಲ್ಲವಾ, ನಿಮ್ಮ ಅತ್ತಿ ನೋಡಿದ್ರ ಮನಿ ಬಿಡಸ್ತಾಳ ಎಂದು ನನ್ನನ್ನು ಕೆಣಕಿದರು. ಡಬ್ಬಿ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಹೋಗೂಣ ನಡೀರಿ ಎಂದರು.

ವಿಮಾನ ಏರಿತು. ಅದು ಮೋಡದಲ್ಲಿ ಮರೆಯಾಗುವವರೆಗೂ ನಾನು ಗಾಜಿನ ಹತ್ತಿರ ನಿಂತಿದ್ದೆ. ಸತ್ತು ಹೋಗುವ ಮನುಷ್ಯನನ್ನು ಒಂದು ಸೌಟು ಎಣ್ಣೆಯಿಂದ ತಿರುಗಿಸಿದೆ ಎಂದು ನನಗೆ ಎಷ್ಟು ಹೆಮ್ಮೆ. ಏಜೆಂಟನೂ ಹೊಗಳಿದ. ಊರಿಗೆ ಬಂದು ಅತ್ತೆಗೆ ಬಣ್ಣ ಕಟ್ಟಿ ಹೇಳಿದೆ. ಅವರು ಜೋಳದ ಹಿಟ್ಟು ನಾದುತ್ತಿದ್ದರು. ಎಲ್ಲ ಕೇಳಿ, “ಮ್ಯಾಲೆ ಎಣ್ಣಿ ಸುರವಿದ್ರ ಆ ಬುತ್ತಿ ಬ್ಯಾರೆ ಆಗ್ತೇತೇನು?” ಎಂದರು. ನನಗೆ ಸಿಟ್ಟು ಬಂದು ಅವತ್ತು ರಾತ್ರಿ ಅವರ ಜೊತೆ ಊಟಕ್ಕೆ ಕೂರಲಿಲ್ಲ.

ಆಪರೇಷನ್ ಆಯಿತು, ಚಲೋ ಆಯಿತು ಎಂದು ಮಾರ್ಕೆಟ್ಟಿನಲ್ಲಿ ಸುದ್ದಿ ಬಂತು. ಅಂಗಡಿಯ ಹಮಾಲರು ನಮ್ಮಲ್ಲಿ ಬಂದು ಸಿಹಿ ಹಂಚಿದರು. ಆದರೆ ಯಜಮಾನರು ಕಣ್ಣು ಬಿಡಲೇ ಇಲ್ಲ. ಗಾಜಿನ ಕೋಣೆಯಲ್ಲಿ, ಒಳಗೆ ಮಗಳನ್ನೂ ಬಿಡದೆ ಇದ್ದ ಹೊತ್ತಿನಲ್ಲಿ, ಹೋದರು. ಯಾರ ಕೈಯಲ್ಲಿ ಸಾಯಲಾರೆ ಎಂದಿದ್ದರೋ ಅವರ ಕೈಯಲ್ಲೇ ಹೋದರು.

ಏಜೆಂಟ್ ಫೋನ್ ಮಾಡಿದ. ವಿಮಾನ ಹೆಣ ತರುತ್ತಿದೆ, ಮನೆಯವರಿಗೆ ಊಟ ಬೇಕು ಎಂದ. ಏನು ಕಳಿಸಬೇಕೆಂದು ಕೇಳಲು ಮುಂಬೈಗೆ ಫೋನ್ ಹಚ್ಚಲೇ ಎಂದ. ನಾನು ಅವನಿಗೆ, ಇದು ನಿಮ್ಮ ಆರ್ಡರ್ ಅಲ್ಲ, ಬಾಯಿ ಮುಚ್ಚಿಕೊಂಡು ಇರು ಎಂದೆ.

ಮಣ್ಣಾಯಿತು. ಮಾರ್ಕೆಟ್ಟು ಬಾಗಿಲು ಹಾಕಿತ್ತು. ಅತ್ತೆ ಅಡುಗೆ ಮಾಡಿದರು: ಬಿಳಿ ಅನ್ನ, ಸಪ್ಪೆ ಬೇಳೆ, ಬೆಂದ ಸೋರೆಕಾಯಿ. ಈ ಸಲ ಅವರೇ ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟರು. ಗುಡ್ಡದ ಬುಡದ ಯಜಮಾನರ ದೊಡ್ಡ ಮನೆಯಲ್ಲಿ ಜನ ಬಂದು ಹೋಗಿ ಕರಗಿದ್ದರು. ಮಗಳು ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು. ಬೆಳಗಿನಿಂದ ಏನೂ ಮುಟ್ಟಿಲ್ಲ ಎಂದು ಅವಳ ಗಂಡ ಹೇಳಿದ. ನಾನು ಅವಳ ಮುಂದೆ ತಟ್ಟೆಯಿಟ್ಟು ಬಡಿಸಿದೆ. ಅವಳು ಬೇಳೆಯನ್ನೇ ನೋಡುತ್ತ ಕೂತಳು. ನನ್ನ ಕಡೆ ನೋಡದೆಯೇ ಹೇಳತೊಡಗಿದಳು.

“ವಿಮಾನ ಮ್ಯಾಲೆ ಹೋದ ಮ್ಯಾಲೆ ಅಪ್ಪ ನನ್ನ ಕೈ ಹಿಡಕೊಂಡು ಅಂದ್ರು. ಮೊದಲ ಕಂಡ ಸಪ್ಪನ ಬುತ್ತಿನ ನನ್ನ ಖರೇ ಊಟ, ಎರಡನೇ ಸಲ ನಿನ್ನ ಸಲುವಾಗಿ ಉಂಡೆ, ನೀ ನೆಲದ ಮ್ಯಾಲೆ ಕೂತದ್ದು ನೋಡಾಕ ಆಗಲಿಲ್ಲ ಅಂದ್ರು. ಆಗ ನಾ ವಿಮಾನ ತಿರಗಸ್ರಿ ಅನ್ನಬೇಕಿತ್ತು. ಅನ್ನಲಿಲ್ಲ. ಕೇಳಸಲಿಲ್ಲ ಅನ್ನೂವಂಗ ಕಿಡಕಿ ಕಡೆ ನೋಡಿದೆ.”

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಆ ಮುದುಕನ ಮೇಲೆ ಸಿಟ್ಟು. ಎಲ್ಲ ತಿಳಿದೂ ನನ್ನ ಕರಕಲು ಸಾಸಿವೆಯನ್ನು ಹೊಗಳಿದಂತೆ ಕೆಣಕಿ, ಡಬ್ಬಿ ಖಾಲಿ ಮಾಡಿ, ನನ್ನನ್ನು ಗಾಜಿನ ಹತ್ತಿರ ಹೆಮ್ಮೆಯಿಂದ ನಿಲ್ಲಿಸಿ ಹೋದ. ಬೈದಿದ್ದರೆ, ಡಬ್ಬಿ ಎಸೆದಿದ್ದರೆ ಎಷ್ಟು ಚಲೋ ಇತ್ತು. ಆಮೇಲೆ ಅಳು ಬಂತು, ತಡೆಯಲಾಗಲಿಲ್ಲ.

ಮಗಳು ಅಳಲಿಲ್ಲ. ಈಗ ಮೊದಲ ಸಲ ನನ್ನ ಮುಖ ನೋಡಿದಳು. ಬೈಯುವ ದನಿಯಲ್ಲ, ಕಾಳಿನ ಧಾರಣೆ ಕೇಳಿದಷ್ಟು ಸಲೀಸಾಗಿ ಕೇಳಿದಳು.

“ಅವತ್ತ ನೀವು ಒಗ್ಗರಣಿ ಹಾಕದಿದ್ರ ಅಪ್ಪ ಇಲ್ಲೇ, ಈ ಪಡಸಾಲ್ಯಾಗ ಹೋಗ್ತಿದ್ರಲ್ಲರಿ?”

ಅಲ್ಲ, ಹಾಗೇನಿಲ್ಲ, ದೇವರ ಇಚ್ಛೆ ಎಂದೆಲ್ಲ ಹೇಳಬಹುದಿತ್ತು. ಬಂದವರೆಲ್ಲ ಅದನ್ನೇ ಹೇಳಿ ಹೋಗಿದ್ದರು. ಆ ಮನೆಯವರಿಗೆ ನಾನು ಒಮ್ಮೆ ಸುಳ್ಳು ಬಡಿಸಿದ್ದು ಸಾಕಾಗಿತ್ತು.

“ಹೌದ್ರಿ,” ಎಂದೆ.

ಅವಳು ತಲೆಯಾಡಿಸಿದಳು. ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಅನ್ನಕ್ಕೆ ಆ ಸಪ್ಪೆ ಬೇಳೆ ಕಲಸಿ ಉಣ್ಣತೊಡಗಿದಳು.